ನೇಯದೆ ಬಿಟ್ಟ ಒಂದು ಮೊಳ

ದಾನಮ್ಮ ಜೋಗುಳದ ಒಂದು ಸಾಲನ್ನು ಪೂರ್ತಿ ಹಾಡಿ ಮುಗಿಸಿದರು. ನಡುವೆ ಎಲ್ಲಿಯೂ ಉಸಿರು ತುಂಡಾಗಲಿಲ್ಲ. ಕೊನೆಯ ಸ್ವರವನ್ನು ಎಳೆಯಬೇಕಾದಷ್ಟು ಎಳೆದು, ಬಿಡಬೇಕಾದಲ್ಲಿ ಬಿಟ್ಟು, ಆಮೇಲೆ ನಿಧಾನವಾಗಿ ಎದೆ ತುಂಬ ಗಾಳಿ ತುಂಬಿಕೊಂಡರು. ಎದುರಿಗೆ ಜಮಖಾನೆಯ ಮೇಲೆ ಕೂತಿದ್ದ ಸಿಂಚನಾ ಹೊಸಮನಿ ಕೈಯಲ್ಲಿದ್ದ ಫಲಕದ ಅಂಕಿಗಳನ್ನು ನೋಡುವುದನ್ನೇ ಮರೆತು ಮುದುಕಿಯ ಮುಖ ನೋಡುತ್ತಿದ್ದಳು.

ದಾನಮ್ಮನವರ ಕತ್ತಿನ ಬುಡದಲ್ಲಿ ಚರ್ಮದ ಅಡಿಯಿಂದ ಜೋಳದ ಕಾಳಿನಷ್ಟು ಹಸಿರು ಬೆಳಕು ಕಾಣುತ್ತಿತ್ತು. ಅದು ಉಸಿರುಬಿಲ್ಲೆಯ ಬೆಳಕು. ಹಸಿರು ಇದ್ದರೆ ಎಲ್ಲ ಸರಿ ಇದೆ ಎಂದರ್ಥ.

“ಆರ ವರ್ಷ ಆತು ಮಗಳ,” ಎಂದರು ದಾನಮ್ಮ. “ಒಂದ ಉಸಿರಿನ್ಯಾಗ ಇಷ್ಟುದ್ದ ಮಾತೂ ಆಡಿಲ್ಲ. ಹಾಡೂದಂತೂ ದೂರ ಉಳೀತು.”

ಆರು ವರ್ಷದ ಹಿಂದೆ ಗುಳೇದಗುಡ್ಡದ ಕಡೆ ಒಂದು ಬಗೆಯ ವಿಷಮ ಜ್ವರ ಬಂದು ಹೋಗಿತ್ತು. ಜ್ವರವೇನೋ ಇಳಿಯುತ್ತಿತ್ತು, ಆದರೆ ಕೆಲವರಿಗೆ ವಪೆಗೆ ಹೋಗುವ ನರವನ್ನು ತಿಂದು ಹೋಗುತ್ತಿತ್ತು. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ. ಅದು ಕೆಳಗೆ ಇಳಿದರೆ ಗಾಳಿ ಒಳಗೆ, ಮೇಲೆ ಏರಿದರೆ ಹೊರಗೆ. ಅದಕ್ಕೆ ಅಪ್ಪಣೆ ಕೊಡುವ ನರವೇ ಸತ್ತರೆ ಮನುಷ್ಯ ಆಸ್ಪತ್ರೆಯ ಮಂಚದ ಮೇಲೆ, ಗಂಟಲಲ್ಲಿ ಕೊಳವೆ ಇಟ್ಟುಕೊಂಡು ದಿನ ಎಣಿಸಬೇಕು. ಹಾಗೆ ದಿನ ಎಣಿಸುತ್ತಿದ್ದವರನ್ನು ಎಬ್ಬಿಸಿ ಮನೆಗೆ ಕಳಿಸಿದ್ದು ಧಾರವಾಡದ ಒಂದು ಪ್ರಯೋಗಾಲಯದ ಡಾಕ್ಟರ್ ಇನಾಮದಾರ ಮಾಡಿದ ಉಸಿರುಬಿಲ್ಲೆ. ಚರ್ಮದಡಿ ಕೂತು, ನರದ ಬದಲು ತಾನೇ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ವಪೆಯನ್ನು ಆಡಿಸುವ ಪುಟ್ಟ ಕಂಪ್ಯೂಟರ್ ಅದು. ಈಗ ನಾಲ್ಕು ಸಾವಿರ ಜನ ಅದನ್ನು ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದರು, ಬಸ್ಸು ಹತ್ತುತ್ತಿದ್ದರು, ಸೊಸೆಯಂದಿರ ಜೊತೆ ಜಗಳವನ್ನೂ ಆಡುತ್ತಿದ್ದರು.

ಜಗಳ ಮಾತ್ರ ಸರಿಯಾಗಿ ಆಡಲು ಬರುತ್ತಿರಲಿಲ್ಲ. ಬಿಲ್ಲೆಗೆ ಗೊತ್ತಿದ್ದದ್ದು ಗಡಿಯಾರದ ಹಾಗೆ ಒಂದೇ ಲಯ. ಮಾತಿನ ನಡುವೆ, ಬೈಗುಳದ ನಡುವೆ, ತನ್ನ ಹೊತ್ತು ಬಂತೆಂದರೆ ಉಸಿರು ಎಳೆದೇ ಬಿಡುತ್ತಿತ್ತು. ಬೈಯುವ ಮಾತು ಅರ್ಧಕ್ಕೆ ನಿಂತರೆ ಎದುರಿನವರಿಗೆ ನಗು ಬರುವುದು ಸಹಜ.

ಅದೇ ಪ್ರಯೋಗಾಲಯದ ಸಿಂಚನಾ ಮೂರು ವರ್ಷ ಹಗಲೆಲ್ಲ ಕೂತು ಬರೆದ ತಂತ್ರಾಂಶ ಆ ಕೊರತೆಯನ್ನು ನೀಗಿಸುವಂಥದು. ಅದಕ್ಕೆ ಹಾಡುಸಿರು ಎಂದು ಹೆಸರಿಟ್ಟಿದ್ದಳು. ಅದು ಗಂಟಲಿನ ಕಂಪನವನ್ನು ಕೇಳಿಸಿಕೊಂಡು, ಮಾತು ಎಲ್ಲಿ ಮುಗಿಯಬಹುದು ಎಂದು ಮೊದಲೇ ಊಹಿಸಿ, ಅಲ್ಲಿಯವರೆಗೆ ಉಸಿರನ್ನು ತಡೆದು ಕಾಯುತ್ತಿತ್ತು. ಮೊದಲ ಪರೀಕ್ಷೆಗೆ ದಾನಮ್ಮ ತಾವಾಗಿ ಒಪ್ಪಿದ್ದರು. ಎಪ್ಪತ್ತು ವರ್ಷದ ಅವರು ಆಗಷ್ಟೇ ಮುತ್ತಜ್ಜಿ ಆಗಿದ್ದರು. ಮೊಮ್ಮಗಳು ಇಂಪನಾಳ ಕೂಸನ್ನು ಆ ದಿನದಿಂದ ನಾಲ್ಕನೆಯ ದಿನಕ್ಕೆ ತೊಟ್ಟಿಲಿಗೆ ಹಾಕುವುದಿತ್ತು. ಆ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಮೊದಲ ಜೋಗುಳ ಹಾಡಿದವರು ದಾನಮ್ಮ. ಈ ಕೂಸಿಗೂ ಹಾಡಬೇಕು, ತುಂಡು ತುಂಡಾಗಿ ಅಲ್ಲ, ಇಡಿಯಾಗಿ ಹಾಡಬೇಕು ಎಂಬುದು ಅವರ ಒಂದೇ ಆಸೆ.

ಅಂದು ಆ ಆಸೆ ಈಡೇರಿದಂತೆ ಇತ್ತು. ಸಿಂಚನಾಗೆ ಹಿಗ್ಗೋ ಹಿಗ್ಗು. ನಾಲ್ಕೂ ದಿನ ಅಲ್ಲೇ ಉಳಿದು ಬಿಲ್ಲೆಯ ನಡತೆ ನೋಡಬೇಕೆಂಬ ನಿಯಮವಿದ್ದದ್ದರಿಂದ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಬಿಚ್ಚಿ, ಜೋಳದ ರೊಟ್ಟಿ, ಪುಂಡಿಪಲ್ಲೆ ಹೊಡೆಯುತ್ತ ಸುಖವಾಗಿದ್ದಳು.

ಆದರೆ ಹಾಡುಸಿರಿಗೆ ಜಾಗ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು.

ಯಂತ್ರ ಕೆಲಸ ಮಾಡುವಾಗ ತನ್ನ ಸಾಮಾನನ್ನೆಲ್ಲ ಹರಡಿಕೊಳ್ಳುವ ಜಾಗಕ್ಕೆ ಮೆಮೊರಿ ಎನ್ನುತ್ತಾರೆ. ಬಿಲ್ಲೆಯ ಮೆಮೊರಿ ಬಹಳ ಸಣ್ಣದು. ಅದನ್ನು ಹೆಚ್ಚಿಸಬೇಕಾದರೆ ಮತ್ತೆ ಚರ್ಮ ಕೊಯ್ಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ತಂತ್ರಾಂಶ ಬರೆಯುವವರಷ್ಟು ದಿನವೂ ಅನುಭವಿಸುವವರು ಬೇರೆ ಯಾರೂ ಇಲ್ಲ. ಈ ಸಣ್ಣ ಜಾಗವನ್ನು ಆಳುವುದು ಕರ್ನೆಲ್. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವ ಮನೆಯ ಯಜಮಾನಿ ಅದು. ಯಜಮಾನಿ ತಲೆ ಸುತ್ತಿ ಬಿದ್ದಳೋ, ಮನೆಯ ಕೆಲಸವೆಲ್ಲ ನಿಂತಂತೆ. ಅದನ್ನು ಕ್ರ್ಯಾಶ್ ಎನ್ನುತ್ತಾರೆ. ಮೇಜಿನ ಮೇಲಿನ ಕಂಪ್ಯೂಟರ್ ಹಾಗೆ ಬಿದ್ದರೆ ಎರಡು ಮಾತು ಬೈದು ಮತ್ತೆ ಚಾಲೂ ಮಾಡಬಹುದು. ಬಿಲ್ಲೆ ಮತ್ತೆ ಚಾಲೂ ಆಗಿ, ದೇಹದ ಪರಿಚಯ ಮಾಡಿಕೊಂಡು, ಮೊದಲ ಮಿಡಿತ ಕೊಡಲು ಆರು ನಿಮಿಷ ಬೇಕು. ಉಸಿರಿಲ್ಲದ ಮನುಷ್ಯ ಆರು ನಿಮಿಷ ಕಾಯುವುದಿಲ್ಲ.

ಇದನ್ನು ಯೋಚಿಸಿಯೇ ಇನಾಮದಾರರು ಒಂದು ಏರ್ಪಾಟು ಮಾಡಿದ್ದರು. ಬಿಲ್ಲೆ ಚಾಲೂ ಆಗುವ ಮೊದಲ ಕ್ಷಣದಲ್ಲಿ, ಇನ್ನೂ ಯಾರೂ ಕೈ ಚಾಚುವ ಮುಂಚೆ, ಮೆಮೊರಿಯ ಎಂಟನೆಯ ಒಂದು ಪಾಲಿಗೆ ಬೇಲಿ ಬೀಳುತ್ತಿತ್ತು. ಆ ಬೇಲಿಯೊಳಗೆ ಇನ್ನೊಂದು ಚಿಕ್ಕ ಕರ್ನೆಲ್ ಮಲಗಿರುತ್ತಿತ್ತು. ದೊಡ್ಡದನ್ನು ಅಕ್ಕ, ಚಿಕ್ಕದನ್ನು ತಂಗಿ ಎಂದು ಪ್ರಯೋಗಾಲಯದವರು ಕರೆಯುತ್ತಿದ್ದರು. ಅಕ್ಕ ಎಷ್ಟೇ ಇಕ್ಕಟ್ಟಿನಲ್ಲಿದ್ದರೂ ಬೇಲಿಯೊಳಗೆ ಕಾಲಿಡುವಂತಿಲ್ಲ. ಅಕ್ಕ ಬಿದ್ದಳೆಂದರೆ ತಂಗಿ ಕಣ್ಣು ಬಿಡುತ್ತಾಳೆ. ಅವಳಿಗೆ ಗೊತ್ತಿರುವುದು ಎರಡೇ ಕೆಲಸ. ಒಂದು, ಗಡಿಯಾರದ ಹಾಗೆ ಸಾದಾ ಉಸಿರು ಕೊಡುವುದು. ಇನ್ನೊಂದು, ಅಕ್ಕ ಬಿದ್ದಾಗ ಅವಳ ಸಾಮಾನು ಹೇಗೆ ಹೇಗೆ ಬಿದ್ದಿತ್ತೋ ಅದನ್ನು ಒಂದೂ ಅಲುಗಿಸದೆ ಬರೆದಿಡುವುದು. ಆಮೇಲೆ ಅಕ್ಕನನ್ನು ಮೊದಲಿಂದ ಎಬ್ಬಿಸಿ ಕೂರಿಸಿ ತಾನು ಹೋಗಿ ಮಲಗುತ್ತಾಳೆ. ಬೇಲಿ ಮೊದಲೇ ಯಾಕೆ ಹಾಕಬೇಕು ಎಂದರೆ, ಬಿದ್ದವಳ ಬಳಿ ಆಗ ಹೋಗಿ ಜಾಗ ಕೇಳುವುದು ಬಾಯಾರಿದಾಗ ಬಾವಿ ತೋಡಿದಂತೆ.

ಆರು ವರ್ಷ. ನಾಲ್ಕು ಸಾವಿರ ಬಿಲ್ಲೆ. ತಂಗಿ ಪ್ರಯೋಗಾಲಯದ ಹೊರಗೆ ಒಂದು ಸಲವೂ ಎದ್ದಿರಲಿಲ್ಲ. ಹಾಡುಸಿರಿಗೆ ಜಾಗ ಸಾಲದೆ ಒದ್ದಾಡುತ್ತಿದ್ದ ಸಿಂಚನಾಳ ಕಣ್ಣಿಗೆ ಆ ಎಂಟನೆಯ ಪಾಲು ಬಿತ್ತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ಸಭೆಯಲ್ಲಿ ಗಾದೆ ಸಮೇತ ವಾದಿಸಿದಳು. ಜನ ಮಾತಾಡಲಾಗದೆ ಒದ್ದಾಡುತ್ತಿರುವಾಗ ಇಷ್ಟು ಜಾಗ ಸುಮ್ಮನೆ ಮಲಗಿರುವುದು ಪಾಪ ಎಂದಳು. ನಿವೃತ್ತರಾಗಿ ಮನೆಯಲ್ಲಿದ್ದ ಇನಾಮದಾರರಿಂದ ಎರಡೇ ಸಾಲಿನ ಕಾಗದ ಬಂತು: ತಂಗಿಯನ್ನು ಮಲಗಿಸಿದ್ದು ಏಳದಿರಲಿ ಎಂದೇ, ಏಳಲಿಲ್ಲವೆಂದು ಮನೆ ಬಿಡಿಸಬೇಡಿ. ಮುದುಕರ ಮಾತು ಎಂದು ಎಲ್ಲರೂ ಗೌರವದಿಂದ ಓದಿ, ಗೌರವದಿಂದಲೇ ಪಕ್ಕಕ್ಕಿಟ್ಟರು. ಒಪ್ಪಿಗೆ ಪತ್ರದ ಹದಿನಾಲ್ಕನೆಯ ಅಂಶದಲ್ಲಿ ಈ ಸಂಗತಿ ಅಚ್ಚಾಯಿತು. ಹದಿನಾಲ್ಕನೆಯ ಅಂಶದವರೆಗೆ ಓದಿದ ರೋಗಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಎರಡನೆಯ ದಿನ ಬೆಳಿಗ್ಗೆ ಸಿಂಚನಾ ಚಹಾದ ಕಪ್ಪು ಹಿಡಿದು ಮಗ್ಗದ ಕೋಣೆಗೆ ಹೋದಳು. ಎಲ್ಲ ಊರಿನಲ್ಲೂ ಬಟ್ಟೆಯನ್ನು ಯಂತ್ರಗಳೇ ನೇಯುತ್ತಿದ್ದ ಆ ಕಾಲದಲ್ಲಿ ಕೈಯಲ್ಲಿ ನೇಯ್ದ ಖಣಕ್ಕೆ ಮೊದಲಿಗಿಂತ ಹೆಚ್ಚು ಬೇಡಿಕೆ ಬಂದಿತ್ತು. ಖಣ ಎಂದರೆ ಕುಪ್ಪಸದ ಬಟ್ಟೆ. ಗುಳೇದಗುಡ್ಡದ ಹೆಸರು ನಿಂತಿರುವುದೇ ಅದರ ಮೇಲೆ. ದಾನಮ್ಮನವರ ಸೊಸೆ ಸೌಜನ್ಯಾ ನೆಲದ ಗುಂಡಿಯಲ್ಲಿ ಹೂಡಿದ ಕುಣಿಮಗ್ಗದ ಮುಂದೆ ಬಗ್ಗಿ ಕೂತು ಒಂದೊಂದೇ ಎಳೆಯನ್ನು ಬಾಚಣಿಗೆಯಂಥ ಹಣಿಗೆಯ ಹಲ್ಲಿನ ಸಂದಿಯಲ್ಲಿ ತೂರಿಸಿ ಎಳೆಯುತ್ತಿದ್ದಳು. ಹಿಂದಿನ ದಿನ ಬಂದಾಗಲೂ ಅದನ್ನೇ ಮಾಡುತ್ತಿದ್ದಳು. ಎಷ್ಟು ಎಳೆ ಎಂದು ಸಿಂಚನಾ ಕೇಳಿದಳು. ಎರಡು ಸಾವಿರದ ಮೇಲೆ ಎಂದು ಸೌಜನ್ಯಾ ತಲೆ ಎತ್ತದೆ ಹೇಳಿದಳು. ಪ್ರತಿ ಸಲವೂ ಹೀಗೆಯೇ ಮಾಡಬೇಕೇ ಎಂದು ಕೇಳಿದ್ದಕ್ಕೆ ಅವಳು ನಾಚಿಕೊಂಡಳು.

“ಇಲ್ರಿ. ಇದು ನಾ ಮಾಡಿದ ಹುಚ್ಚುತನ,” ಎಂದಳು. “ಕೂಸಿಗೆ ಕುಂಚಿಗಿ ಹೊಲಿಯಾಕ ಒಂದ ಖಣ ಕಮ್ಮಿ ಬಿತ್ತು. ಕಡೀ ಮೊಳಾನೂ ನೇಯ್ದ ಬಿಟ್ಟೆ.”

ಕಂಬಕ್ಕೆ ಒರಗಿ ಕೂತಿದ್ದ ದಾನಮ್ಮ ನಕ್ಕರು. ಸಿಂಚನಾಗೆ ಅರ್ಥವಾಗಲಿಲ್ಲವೆಂದು ಕಂಡು ಅವರೇ ಬಿಡಿಸಿ ಹೇಳಿದರು. ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸು ಮುಗಿಯುತ್ತ ಬಂದಾಗ ಕೊನೆಯ ಒಂದು ಮೊಳವನ್ನು ನೇಯದೆ, ಹಣಿಗೆಯಲ್ಲಿ ಪೋಣಿಸಿದ್ದ ಹಾಗೆಯೇ ಬಿಡಬೇಕು. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸಿದರೆ, ಹಳೆಯದು ಹೊಸದನ್ನು ಹಣಿಗೆಯೊಳಗೆ ಎಳೆದುಕೊಂಡು ಹೋಗುತ್ತದೆ. ಒಂದು ದಿನದ ಕೆಲಸ. ಆ ಮೊಳ ಇಲ್ಲದಿದ್ದರೆ ಎರಡು ಸಾವಿರ ಎಳೆಯನ್ನೂ ಮೊದಲಿಂದ ಪೋಣಿಸುತ್ತ ಕೂರಬೇಕು.

“ಅಲ್ಲಿತನಕ ಅಷ್ಟ ಎಳಿ ಸುಮ್ಮನ ಬಿದ್ದಿರತಾವಲ್ಲ ಆಯಿ?” ಎಂದಳು ಸಿಂಚನಾ.

“ಸುಮ್ಮನ ಬಿದ್ದಿಲ್ಲ ಮಗಳ,” ಎಂದರು ದಾನಮ್ಮ. “ಕಾದ ಕುಂತಾವ.”

ಸಿಂಚನಾ ಚಹಾದ ಕಪ್ಪನ್ನು ಕೆಳಗಿಟ್ಟಳು. ತಾನು ಸಭೆಯಲ್ಲಿ ಹೇಳಿದ ಗಾದೆ ಅವಳಿಗೆ ನೆನಪಾಯಿತು. ಇನಾಮದಾರರ ಎರಡು ಸಾಲಿನ ಕಾಗದವೂ ನೆನಪಾಯಿತು. ತಪ್ಪು ಮಾಡಿದೆನೋ ಎಂಬ ಅಳುಕು ಹುಟ್ಟಿದರೂ ಮೂರು ವರ್ಷದ ದುಡಿಮೆ ಅಷ್ಟು ಸುಲಭವಾಗಿ ಕೈ ಬಿಡುವುದಿಲ್ಲ. ಮನಸ್ಸು ಕೂಡಲೇ ರಾಜಿಗೆ ಇಳಿಯಿತು. ಪೂರ್ತಿ ಮೊಳವೇ ಬೇಕೇ, ಅರ್ಧ ಬಿಟ್ಟು ಅರ್ಧ ನೇಯ್ದರೆ ಆಗುವುದಿಲ್ಲವೇ ಎಂದು ಮಗ್ಗದ ನೆಪದಲ್ಲಿ ತನ್ನ ಪ್ರಶ್ನೆಯನ್ನೇ ಕೇಳಿದಳು.

“ನಾಕ ಬೆರಳ ಬಿಟ್ರ ಕೈ ಹಿಡಿಯಂಗಿಲ್ಲ, ಹೊಸಿಯೂದೆಲ್ಲಿ?” ಎಂದರು ದಾನಮ್ಮ. “ಬಿಟ್ಟಂಗೂ ಆಗಲಿಲ್ಲ, ನೇಯ್ದಂಗೂ ಆಗಲಿಲ್ಲ.”

ಆದರೂ ಸಿಂಚನಾ ತನ್ನ ಕೋಣೆಗೆ ಹೋಗಿ ಧಾರವಾಡದಲ್ಲಿದ್ದ ಪರೀಕ್ಷೆಯ ಬಿಲ್ಲೆಗೆ ದೂರದಿಂದಲೇ ಅರ್ಧ ಜಾಗದ ಬೇಲಿ ಹಾಕಿಸಿ ನೋಡಿದಳು. ಅಕ್ಕನನ್ನು ಬೇಕೆಂದೇ ಬೀಳಿಸಿದಳು. ತಂಗಿ ಎದ್ದಳು, ತನ್ನ ಸಾಮಾನು ಇಡಲು ಜಾಗ ಸಿಗದೆ ಹೊಸ್ತಿಲಲ್ಲೇ ಎಡವಿ ತಾನೂ ಬಿದ್ದಳು. ಹತ್ತು ಸಲ ಮಾಡಿದರೂ ಹತ್ತು ಸಲವೂ ಬಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಸಿಂಚನಾಗೆ ಸಂಶಯ ಉಳಿದಿರಲಿಲ್ಲ. ಪಡಸಾಲೆಯಲ್ಲಿ ಮುದುಕಿ ತನ್ನಷ್ಟಕ್ಕೆ ತಾನು ಜೋಗುಳ ಗುನುಗುತ್ತಿದ್ದದ್ದು ಕೇಳುತ್ತಿತ್ತು. ಅದನ್ನು ಕೇಳುತ್ತ ಅವಳಿಗೆ ಮೊದಲ ಸಲ ಭಯವಾಯಿತು. ನಿನ್ನೆಯಿಂದ ಆ ಹಾಡಿನ ಕೆಳಗೆ ಹಿಡಿಯುವ ಕೈ ಇರಲಿಲ್ಲ.

ಹೇಳದೆ ಮುಚ್ಚಿಡಬಹುದಿತ್ತು, ಏನೋ ಸಣ್ಣ ದುರಸ್ತಿ ಎಂದು ಬೇಲಿ ಮತ್ತೆ ಹಾಕಿಬಿಡಬಹುದಿತ್ತು. ಆದರೆ ಹಾಡು ಕಡಿಮೆಯಾದದ್ದು ಹಾಡುವವರಿಗೆ ಗೊತ್ತಾಗದೆ ಇರುವುದಿಲ್ಲ. ಅವಳು ದಾನಮ್ಮನವರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಕನ ವಿಷಯ, ತಂಗಿಯ ವಿಷಯ, ಹದಿನಾಲ್ಕನೆಯ ಅಂಶದ ವಿಷಯ.

ದಾನಮ್ಮ ಕತ್ತಿನ ಬುಡ ಮುಟ್ಟಿ ನೋಡಿಕೊಂಡರು.

“ಅಂದ್ರ ನಿನ್ನಿಯಿಂದ ನನ್ನ ಹಣಿಗ್ಯಾಗ ಬಿಟ್ಟ ಮೊಳ ಇಲ್ಲ,” ಎಂದರು.

“ಇಲ್ರಿ ಆಯಿ. ನಾನ ನೇಯ್ದ ಬಿಟ್ಟೀನಿ. ತಪ್ಪಾತು.”

“ಹಾಡ ಕೊಟ್ಟ ಕೈಲೇ ಕಸಗೊಳ್ಳಾಕ ಬಂದಿ.”

ಸಿಂಚನಾ ತಲೆ ತಗ್ಗಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವಳು ತಾನೇ ಆಗಿದ್ದಳು. ತಂಗಿಯ ಜಾಗ ಬಿಟ್ಟುಕೊಟ್ಟರೆ ಹಾಡು ಎಷ್ಟು ಉಳಿಯುತ್ತದೆ ಎಂದು ದಾನಮ್ಮ ಕೇಳಿದರು. ಒಂದು ಉಸಿರಿಗೆ ಅರ್ಧ ಸಾಲು ಎಂದು ಸಿಂಚನಾ ಹೇಳಿದಳು. ದಾನಮ್ಮ ಮಗ್ಗದ ಕೋಣೆಯ ಕಡೆ ನೋಡಿದರು. ಸೌಜನ್ಯಾ ಇನ್ನೂ ಪೋಣಿಸುತ್ತಲೇ ಇದ್ದಳು. ನೂರಾರು ಎಳೆ ಬಾಕಿ ಇದ್ದವು.

“ಬಿಡು ಮೊಳ,” ಎಂದರು ದಾನಮ್ಮ. “ಅರ್ಧ ಸಾಲು ಹಾಡಿ, ಉಸುರ ತಗೊಂಡು, ಇನ್ನರ್ಧ ಹಾಡ್ತೀನಿ. ಕೂಸಿಗೇನ ಗೊತ್ತಾಗತೈತಿ.”

ಕೂಸಿಗೆ ಗೊತ್ತಾಗುವುದಿಲ್ಲ, ನಿಜ. ಹಾಗೆಂದವರ ಕಣ್ಣು ಮಾತ್ರ ತುಂಬಿತ್ತು.

ಬೇಲಿ ಬೀಳುವುದು ಬಿಲ್ಲೆ ಚಾಲೂ ಆಗುವಾಗ ಮಾತ್ರ. ಆದ್ದರಿಂದ ಬಿಲ್ಲೆಯನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕಾಗಿತ್ತು. ಸಿಂಚನಾ ಜೊತೆಗೆ ತಂದಿದ್ದ ಗಾಳಿಯ ಪಂಪನ್ನು ಹೂಡಿ, ಮೂಗು ಬಾಯಿಗೆ ಮುಸುಕು ಬಿಗಿದು, ಎಲ್ಲ ಸರಿಯಾಗಿದೆ ಎಂದು ಎರಡು ಸಲ ನೋಡಿದಳು. ಹೂಡುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಆಮೇಲೆ ಬಿಲ್ಲೆ ನಿಂತಿತು, ಆರು ನಿಮಿಷದಲ್ಲಿ ಮತ್ತೆ ಹಸಿರಾಯಿತು. ತಂಗಿ ತನ್ನ ಮನೆಯಲ್ಲಿ ಮಲಗಿದ್ದಾಳೆ ಎಂದು ಫಲಕ ತೋರಿಸಿತು. ಉಳಿದ ಎರಡು ದಿನ ಸಿಂಚನಾ ಹಾಡುಸಿರಿನ ಕೈಕಾಲು ಮಡಿಸಿ ಚಿಕ್ಕ ಜಾಗದಲ್ಲಿ ಕೂರಿಸುವ ಕೆಲಸದಲ್ಲಿ ಮುಳುಗಿದಳು.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ಕೂಸಿಗೆ ಆ ಹೆಚ್ಚಿನ ಖಣದಲ್ಲಿ ಹೊಲಿದ ಕುಂಚಿಗೆ ತೊಡಿಸಿದ್ದರು. ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದ ಕೆಂಪು ಕುಂಚಿಗೆಯಲ್ಲಿ ಅದು ಪುಟ್ಟ ಸ್ವಾಮಿಗಳ ಹಾಗೆ ಗಂಭೀರವಾಗಿ ಮಲಗಿತ್ತು. ಸೌಜನ್ಯಾ ಅದನ್ನು ತೋರಿಸಿ, ನಾಲ್ಕು ದಿನದ ದಂಡ ಕೊಟ್ಟು ಹೊಲಿಸಿದ್ದು ಎಂದು ಬಂದವರಿಗೆಲ್ಲ ತಾನೇ ಹೇಳಿ ನಗುತ್ತಿದ್ದಳು. ಗುಗ್ಗರಿಯ ಬುಟ್ಟಿ ಒಂದು ಕಡೆ, ಕೂಸಿನ ಹೆಸರಿನ ಬಗ್ಗೆ ವಾದ ಇನ್ನೊಂದು ಕಡೆ. ಹೆಸರಿಟ್ಟದ್ದಾಯಿತು. ದಾನಮ್ಮ ತೊಟ್ಟಿಲ ಹಗ್ಗ ಹಿಡಿದರು.

“ಹಾಸಿಗಿ ಹೊಕ್ಕಾಗು ನನ ಕಂದ,” ಎಂದು ಹಾಡಿ ಉಸಿರು ತೆಗೆದುಕೊಂಡು, “ಹರದಲ್ಲಿ ಗಂಟಾಗು ಬಾ” ಎಂದು ಮುಗಿಸಿದರು. ಮಗ್ಗದ ಹಾಸಿಗೆ ಅಡ್ಡ ಎಳೆಯಾಗಿ ಬಾ, ವ್ಯಾಪಾರಕ್ಕೆ ಬಂಡವಾಳವಾಗಿ ಬಾ ಎಂಬ ನೇಕಾರರ ಹಾರೈಕೆ ಅದು. ಅರ್ಧ ಅರ್ಧವೇ ಆದರೂ ಕೇಳಲು ಇಂಪಾಗಿತ್ತು. ಬಾಗಿಲ ಬಳಿ ನಿಂತಿದ್ದ ಸಿಂಚನಾಗೆ ತುಸು ನಿರಾಳವಾಯಿತು.

ಎರಡನೆಯ ಸಾಲಿಗೆ ಸುತ್ತಲಿನ ಹೆಂಗಸರೆಲ್ಲ ದನಿ ಕೂಡಿಸಿದರು. ಹದಿನೈದು ಇಪ್ಪತ್ತು ಕೊರಳು ಒಮ್ಮೆಗೇ ಎದ್ದವು. ಆಗ ದಾನಮ್ಮನವರ ಕತ್ತಿನ ಹಸಿರು ಬೆಳಕು ಆರಿತು.

ಸಿಂಚನಾ ಅದನ್ನು ಕಂಡಳು. ಪಂಪು ಒಳಕೋಣೆಯಲ್ಲಿತ್ತು, ಹೂಡಲು ಹತ್ತು ನಿಮಿಷ. ದಾನಮ್ಮನವರ ಬಾಯಿ ತೆರೆದೇ ಇತ್ತು, ದನಿ ಬರುತ್ತಿರಲಿಲ್ಲ. ಬೇರೆಯವರ ಹಾಡಿನಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಒಂದು ಸಲ ತೊಟ್ಟಿಲು ಆಚೆ ಹೋಯಿತು. ಮರಳಿ ಈಚೆ ಬಂತು. ಆ ಕತ್ತಿನ ಬುಡದಲ್ಲಿ ಹಳದಿ ಬೆಳಕು ಹತ್ತಿತು.

ತಂಗಿ ಎದ್ದಿದ್ದಳು.

ದಾನಮ್ಮನವರ ಎದೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಅದು ಅವರ ಹಾಡು ಕೇಳಿ ಬಂದ ಉಸಿರಲ್ಲ. ಆರು ವರ್ಷ ಜೊತೆಗಿದ್ದ ಅದೇ ಹಳೆಯ ಗಡಿಯಾರದ ಲಯ. ಅವರಿಗೆ ಅದರ ಗುರುತು ಹತ್ತಿತು. ಅವರು ಬಾಗಿಲ ಕಡೆ ತಿರುಗಿ ಸಿಂಚನಾಳನ್ನು ನೋಡಿ ಒಂದಿಷ್ಟೇ ತಲೆ ಆಡಿಸಿದರು. ಆಮೇಲೆ ತೊಟ್ಟಿಲನ್ನು ಆ ಲಯಕ್ಕೆ ತೂಗತೊಡಗಿದರು. ತೊಟ್ಟಿಲು ಆಚೆ ಹೋದಾಗ ಉಸಿರು, ಈಚೆ ಬಂದಾಗ ಎರಡು ಮಾತು. ಹೆಂಗಸರು ಅದನ್ನೇ ಹಿಡಿದು ಹಾಡನ್ನು ನಿಧಾನ ಮಾಡಿದರು. ಕೂಸು ಮೊದಲಿಗಿಂತ ಬೇಗ ನಿದ್ದೆ ಹೋಯಿತು. ಆರು ನಿಮಿಷದ ಮೇಲೆ ಬೆಳಕು ಹಸಿರಾದಾಗ ಜೋಗುಳ ಇನ್ನೂ ನಡೆದಿತ್ತು. ಸಿಂಚನಾ ಗೋಡೆಗೆ ಮುಖ ಮಾಡಿ ಅತ್ತಳು. ಕೂಸಿನ ಮೇಲಿನ ಅಕ್ಕರೆ ಎಂದು ಪಕ್ಕದ ಮನೆಯವರು ತಿಳಿದರು.

ತಂಗಿ ಬರೆದಿಟ್ಟ ದಾಖಲೆಯನ್ನು ಅವಳು ಅಂದೇ ಮಧ್ಯಾಹ್ನ ಬಿಚ್ಚಿದಳು. ಕಾರಣ ಹುಡುಕಲು ಅರ್ಧ ತಾಸೂ ಬೇಕಾಗಲಿಲ್ಲ. ಹಾಡುಸಿರು ತನ್ನವರ ಗಂಟಲಿಗಷ್ಟೇ ಅಲ್ಲ, ಸುತ್ತ ಕೇಳಿಸಿಕೊಂಡ ಪ್ರತಿ ಕೊರಳಿಗೂ ಮೆಮೊರಿಯಲ್ಲಿ ಒಂದೊಂದು ಮಣೆ ಹಾಕುತ್ತಿತ್ತು. ಅವಳು ಎಂಟು ಮಣೆಗೆ ಜಾಗ ಮಾಡಿ, ಒಂಬತ್ತನೆಯವರು ಬಂದರೆ ಏನು ಮಾಡಬೇಕು ಎಂದು ಬರೆಯುವುದನ್ನೇ ಬಿಟ್ಟಿದ್ದಳು. ಧಾರವಾಡದ ಸದ್ದಿಲ್ಲದ ಕೋಣೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಕೂತು ಹಾಡಿದ್ದರು. ನಮ್ಮ ಕಡೆ ಜೋಗುಳವನ್ನು, ಸೋಬಾನವನ್ನು, ಭಜನೆಯನ್ನು ಯಾರಾದರೂ ಒಬ್ಬರೇ ಹಾಡಿ ಮುಗಿಸಿದ್ದುಂಟೇ? ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಲೇಬೇಕು. ಹುಟ್ಟಿದಾಗಿನಿಂದ ಕಂಡ ಈ ಸಂಗತಿ ಪ್ರಯೋಗಾಲಯದ ಬಾಗಿಲು ಹಾಕಿಕೊಂಡ ಕೂಡಲೇ ಅವಳಿಗೆ ಮರೆತುಹೋಗಿತ್ತು. ತಂಗಿಯ ಜಾಗ ತಿಂದು ಬೆಳೆದ ಹಾಡುಸಿರಿನಲ್ಲೂ ಇದೇ ಎಂಟು ಮಣೆ ಇದ್ದವು. ಅದು ನಾಲ್ಕು ಸಾವಿರ ಜನಕ್ಕೆ ಹೋಗಿದ್ದರೆ ಮುಂದಿನ ಮದುವೆ, ಮುಂದಿನ ತೊಟ್ಟಿಲು, ಮುಂದಿನ ಸೋಮವಾರದ ಭಜನೆ, ಎಲ್ಲೆಲ್ಲಿ ಜನ ಸೇರಿ ಹಾಡುತ್ತಾರೋ ಅಲ್ಲೆಲ್ಲ ಒಬ್ಬರು ಸದ್ದಿಲ್ಲದೆ ಕುಸಿಯುತ್ತಿದ್ದರು. ಯಾಕೆ ಸತ್ತರು ಎಂದು ಹೇಳಲು ಒಂದು ಸಾಲಿನ ದಾಖಲೆಯೂ ಇರುತ್ತಿರಲಿಲ್ಲ.

ಅವಳು ಇನಾಮದಾರರಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿ, ಸಭೆಯ ದಿನದ ಮಾತಿಗೆ ಕ್ಷಮೆ ಕೇಳಿ, ನಿಮ್ಮಿಂದ ಒಂದು ಜೀವ ಉಳಿಯಿತು ಸರ್ ಎಂದಳು.

“ಅದು ನಂದಲ್ಲ ಮಗಳ,” ಎಂದರು ಇನಾಮದಾರರು. “ನಾ ಕಾಲೇಜಿನ್ಯಾಗ ಇದ್ದಾಗ ಸಾದಾ ಕಂಪ್ಯೂಟರಿನೊಳಗ ನೋಡಿದ್ದೆ. ಯಾರೋ ಪುಣ್ಯಾತ್ಮರು ಆಗಲೇ ಹಂಗ ಜಾಗ ತೆಗೆದಿಟ್ಟಿದ್ರು. ಅವರ ಹೆಸರೂ ನನಗ ಗೊತ್ತಿಲ್ಲ. ನಾ ಬರೇ ಅಳಿಸಲಿಲ್ಲ, ಅಷ್ಟ.”

ಹೊರಡುವ ಮುನ್ನ ದಾನಮ್ಮ ಸಿಂಚನಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಸೆರಗಿಲ್ಲದ ಉಡುಪಿನವಳಿಗೆ ಸೌಜನ್ಯಾ ತನ್ನದೊಂದು ದುಪಟ್ಟಾ ಹೊದಿಸಿದಳು. ಅಕ್ಕಿ, ಬಟ್ಟಲಡಿಕೆ, ತೆಂಗಿನಕಾಯಿ, ಮೇಲೆ ಒಂದು ಖಣ. ಸಿಂಚನಾ ಗಂಟು ಕಟ್ಟಿಕೊಂಡು ಏಳಹೊರಟಳು. ದಾನಮ್ಮ ಅವಳ ಭುಜ ಹಿಡಿದು ಕೂರಿಸಿದರು.

“ಎಲ್ಲಾ ಕಟಗೊಂಡು ಹೋಗ್ತಾರೇನ? ನಾಕ ಕಾಳ ತಿರುಗಿ ತಾಟಿನ್ಯಾಗ ಹಾಕ,” ಎಂದರು. “ಕೊಟ್ಟ ಮನಿ ಬರಿದಾಗಬಾರದು.”

ಸಿಂಚನಾ ಉಡಿಯಿಂದ ನಾಲ್ಕು ಕಾಳು ತೆಗೆದು ತಟ್ಟೆಗೆ ಹಾಕಿದಳು. ತನಗೆ ಹೇಳಬೇಕಾಗಿದ್ದದ್ದನ್ನೆಲ್ಲ ಮುದುಕಿ ತನಗಿಂತ ಚೆನ್ನಾಗಿ ಹೇಳಿ ಮುಗಿಸಿದರು ಎನಿಸಿತು. ಬಗ್ಗಿ ಅವರ ಕಾಲು ಮುಟ್ಟಿದಳು. ಅಷ್ಟರಲ್ಲಿ ಸೌಜನ್ಯಾ ಒಳಗೆ ಹೋಗಿ ಕೂತಿದ್ದಳು, ಪೋಣಿಸಿ ಮುಗಿಸಿದ ಮಗ್ಗದಲ್ಲಿ ಲಾಳಿಯ ಸದ್ದು ಶುರುವಾಗಿತ್ತು.

ಇದೆಲ್ಲ ನಡೆಯಲು ಇನ್ನೂ ನಲವತ್ತೈದು ವರ್ಷ ಬೇಕು. ಇನಾಮದಾರರಿಗೆ ಹೆಸರು ಗೊತ್ತಿಲ್ಲದ ಆ ಪುಣ್ಯಾತ್ಮರು ಮಾತ್ರ ಈಗ ನಮ್ಮ ನಡುವೆಯೇ ಇದ್ದಾರೆ. ಯಾವುದೋ ಊರಿನ ಯಾವುದೋ ಮೇಜಿನ ಮುಂದೆ ಕೂತು, ಕರ್ನೆಲ್ ಕಣ್ಣು ಬಿಡುವ ಮೊದಲೇ ಒಂದು ಪಾಲು ಮೆಮೊರಿಗೆ ಬೇಲಿ ಹಾಕುತ್ತಿದ್ದಾರೆ. ಪಕ್ಕದಲ್ಲಿ ಯಾರೋ ನಿಂತು, ಅಷ್ಟು ಜಾಗ ಸುಮ್ಮನೆ ಹಾಳಾಯಿತಲ್ಲ ಎಂದು ಹೇಳುತ್ತಿರಬಹುದು. ಆ ವಾದದಲ್ಲಿ ಅವರು ಸೋಲದಿರಲಿ. ಇಪ್ಪತ್ತೈದರ ಸೊಸೆ ದಾನಮ್ಮ ಈಗ ಗುಳೇದಗುಡ್ಡದಲ್ಲಿ ಅತ್ತೆಯ ಪಕ್ಕ ಕೂತು ನೇಯ್ಗೆ ಕಲಿಯುತ್ತಿದ್ದಾಳೆ. ಹಾಸು ಮುಗಿಯುತ್ತ ಬಂದಿದೆ. ಇನ್ನೊಂದು ಖಣ ಆಗಬಹುದೆಂದು ಅವಳ ಕೈ ಲಾಳಿಯ ಕಡೆ ಹೋಗುತ್ತಿದೆ. ಅತ್ತೆ ಆ ಕೈಯನ್ನು ಮೆಲ್ಲಗೆ ಹಿಡಿದು, ಸಾಕು, ಇಷ್ಟು ಬಿಡು ಎನ್ನುತ್ತಿದ್ದಾಳೆ.